ಕಾರ್ಖಾನೆ ಬಂತು, ಹಣ್ಣು ಬರಲಿಲ್ಲ: ನೈಜೀರಿಯಾದ ಕಡಾವಾ ಟೊಮೆಟೊ ಪೇಸ್ಟ್ ಘಟಕದ ಪ್ರಕರಣ

ಕೋಲಾರದಲ್ಲಿ ಟೊಮೆಟೊ ರೇಟು ಬಿದ್ದಾಗಲೆಲ್ಲ ಒಂದೇ ಮಾತು ಕೇಳಿಬರುತ್ತದೆ. "ಇಲ್ಲೊಂದು ಸಾಸ್ ಕಾರ್ಖಾನೆ ಹಾಕಿ, ಎಲ್ಲಾ ಸರಿಹೋಗುತ್ತೆ." ಬಾಕ್ಸಿನ ರೇಟು ಕೊಯ್ಲಿನ ಕೂಲಿಗೂ ಸಾಲದೆ ಹಣ್ಣನ್ನು ರಸ್ತೆ ಪಕ್ಕ ಸುರಿದು ಹೋಗುವ ರೈತರನ್ನು ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಇದೇ ಮಾತನ್ನು ನಂಬಿ, ಇದೇ ಥರದ ಟೊಮೆಟೊ ಸೀಮೆಯ ನಟ್ಟನಡುವೆ ದೊಡ್ಡ ಕಾರ್ಖಾನೆ ಕಟ್ಟಿದ ಒಂದು ಜಾಗವಿದೆ. ನೈಜೀರಿಯಾದ ಕಾನೋ ರಾಜ್ಯದ ಕಡಾವಾ. ಅಲ್ಲಿ ದುಡ್ಡಿಗೆ ಕೊರತೆ ಇರಲಿಲ್ಲ. ಆಫ್ರಿಕಾದ ಅತಿ ದೊಡ್ಡ ಶ್ರೀಮಂತ ಅಲಿಕೋ ಡಾಂಗೋಟೆ ಅವರ ಸಮೂಹವೇ ಕಟ್ಟಿದ್ದು. ಆದರೂ ಶುರುವಾದ ಕೆಲವೇ ವಾರಗಳಲ್ಲಿ ಯಂತ್ರ ನಿಂತಿತು. ಯಾಕೆ ನಿಂತಿತು ಅನ್ನುವುದನ್ನು ಪೂರ್ತಿ ಬಿಡಿಸಿ ನೋಡಬೇಕು. ನಮ್ಮ ಕಡೆ ಕಾರ್ಖಾನೆ ಕೇಳುವವರು ಇದನ್ನು ತಿಳಿದುಕೊಂಡೇ ಕೇಳಲಿ ಅನ್ನುವುದು ನನ್ನ ಆಸೆ.

ಮೊದಲು ಅಲ್ಲಿನ ಪರಿಸ್ಥಿತಿ. ನೈಜೀರಿಯಾದ ಅಡುಗೆ ಟೊಮೆಟೊ ಇಲ್ಲದೆ ನಡೆಯುವುದಿಲ್ಲ. ಅವರ ಜೊಲೋಫ್ ಅನ್ನಕ್ಕೆ, ಸಾರಿಗೆ, ಎಲ್ಲದಕ್ಕೂ ತಾಜಾ ಹಣ್ಣು ಇಲ್ಲವೇ ಪೇಸ್ಟ್ ಬೇಕು. ಬೀದಿಯ ಅಂಗಡಿಗಳಲ್ಲಿ 70 ಗ್ರಾಮಿನ ಸಣ್ಣ ಡಬ್ಬಿ, ಸ್ಯಾಶೆ ನೇತಾಡುತ್ತಿರುತ್ತವೆ, ನಮ್ಮಲ್ಲಿ ಶಾಂಪೂ ಸ್ಯಾಶೆ ನೇತಾಡುವ ಹಾಗೆ. ದೇಶದಲ್ಲಿ ಟೊಮೆಟೊ ಬೆಳೆಯುವುದು ಹೆಚ್ಚಾಗಿ ಉತ್ತರದಲ್ಲಿ: ಕಾನೋ, ಕಡೂನಾ, ಕಟ್ಸೀನಾ. ತಿನ್ನುವವರು ಜಾಸ್ತಿ ಇರುವುದು ದಕ್ಷಿಣದ ಲಾಗೋಸಿನಲ್ಲಿ, ಸುಮಾರು ಸಾವಿರ ಕಿಲೋಮೀಟರ್ ದೂರ. ಬಿದಿರು, ನಾರಿನ ಬುಟ್ಟಿಗಳಲ್ಲಿ ಹಣ್ಣು ಒತ್ತೊತ್ತಾಗಿ ತುಂಬಿ ಲಾರಿ ಹತ್ತಿಸುತ್ತಾರೆ. ಲಾಗೋಸಿನ ಮೈಲ್ 12 ಮಾರುಕಟ್ಟೆ ತಲುಪುವಷ್ಟರಲ್ಲಿ ಕೆಳಗಿನ ಹಣ್ಣು ಜಜ್ಜಿಹೋಗಿರುತ್ತದೆ. ಬೆಳೆದದ್ದರಲ್ಲಿ ಅರ್ಧಕ್ಕೆ ಹತ್ತಿರದಷ್ಟು ತಿನ್ನುವವರ ಕೈ ಸೇರುವುದಿಲ್ಲ ಅಂತ ಸರ್ಕಾರದವರೇ ಹೇಳುತ್ತಾ ಬಂದಿದ್ದಾರೆ.

ಒಂದು ಕಡೆ ಹೀಗೆ ಹಣ್ಣು ಕೊಳೆಯುತ್ತದೆ. ಇನ್ನೊಂದು ಕಡೆ ಅದೇ ದೇಶ ವರ್ಷಕ್ಕೆ ಸುಮಾರು 1,50,000 ಟನ್ ಪೇಸ್ಟ್ ಆಮದು ಮಾಡಿಕೊಳ್ಳುತ್ತಿತ್ತು. 2017ರಲ್ಲಿ ಅಲ್ಲಿನ ಸರ್ಕಾರ ಇದರ ಬೆಲೆ ಸುಮಾರು 17 ಕೋಟಿ ಡಾಲರ್ ಅಂತ ಲೆಕ್ಕ ಕೊಟ್ಟಿತ್ತು. ಇದರಲ್ಲಿ ದೊಡ್ಡ ಪಾಲು ಚೀನಾದ್ದು. "ಸ್ಥಳೀಯ" ಅಂತ ಮಾರುತ್ತಿದ್ದ ಎಷ್ಟೋ ಪೇಸ್ಟ್ ಕೂಡ ನಿಜಕ್ಕೆ ಡ್ರಮ್ಮಿನಲ್ಲಿ ಬಂದ ಆಮದು ಮಾಲು. ಅದನ್ನು ನೀರು ಬೆರೆಸಿ ಹದಕ್ಕೆ ತಂದು ಸ್ಯಾಶೆಗೆ ತುಂಬುವುದಷ್ಟೇ ಅಲ್ಲಿನ ಕೆಲಸ. ಇದನ್ನೆಲ್ಲ ನೋಡಿದ ಯಾರೇ ಆಗಲಿ, ಟೊಮೆಟೊ ಬೆಳೆಯುವ ಊರಲ್ಲೇ ಕಾರ್ಖಾನೆ ಕಟ್ಟಿದರೆ ಆಯ್ತಲ್ವಾ ಅಂತ ಯೋಚಿಸುವುದು ಸಹಜ.

ಕಡಾವಾದಲ್ಲಿ ಕಟ್ಟಿದರು. ಜಾಗದ ಆಯ್ಕೆಯಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಟೀಗಾ ಅಣೆಕಟ್ಟಿನ ನೀರು ಬರುವ ಕಾನೋ ನದಿ ನೀರಾವರಿ ಪ್ರದೇಶ ಅದು. ಸುತ್ತಲೂ ಟೊಮೆಟೊ ಹೊಲಗಳು, ಪಕ್ಕದಲ್ಲೇ ಕ್ವಾನಾರ್ ಗಫಾನ್ ಟೊಮೆಟೊ ಮಾರುಕಟ್ಟೆ. ಹೂಡಿಕೆ ಸುಮಾರು 2 ಕೋಟಿ ಡಾಲರ್. ದಿನಕ್ಕೆ 1,200 ಟನ್ ಹಣ್ಣು ಅರೆಯುವ ಸಾಮರ್ಥ್ಯ. 2016ರ ಮಾರ್ಚ್ ಹೊತ್ತಿಗೆ ಯಂತ್ರ ಓಡಿತು. ಸರ್ಕಾರದ ಬೆಂಬಲವೂ ಇತ್ತು. 2015ರ ಜೂನ್‌ನಲ್ಲೇ ನೈಜೀರಿಯಾದ ಕೇಂದ್ರ ಬ್ಯಾಂಕು 41 ಸರಕುಗಳ ಆಮದಿಗೆ ಅಧಿಕೃತ ಡಾಲರ್ ಕೊಡುವುದಿಲ್ಲ ಅಂತ ಹೇಳಿತ್ತು, ಆ ಪಟ್ಟಿಯಲ್ಲಿ ಟೊಮೆಟೊ ಪೇಸ್ಟ್ ಇತ್ತು. ಅಂದರೆ ಆಮದು ಮಾಡುವವರು ಹೊರಗಿನ ಮಾರುಕಟ್ಟೆಯಲ್ಲಿ ದುಬಾರಿ ಡಾಲರ್ ಕೊಂಡೇ ತರಿಸಬೇಕು.

ದಿನಕ್ಕೆ 1,200 ಟನ್ ಅಂದರೆ

ಸುಮ್ನೆ ಓದಿಕೊಂಡು ಹೋದರೆ ಈ ಅಂಕಿ ದೊಡ್ಡದು ಅಂತಷ್ಟೇ ಅನಿಸುತ್ತದೆ. ಸ್ವಲ್ಪ ಬಿಡಿಸಿ ನೋಡೋಣ, ಇಡೀ ಪ್ರಕರಣ ಇಲ್ಲೇ ಇದೆ.

15 ಟನ್ ಲಾರಿ ಲೆಕ್ಕದಲ್ಲಿ ದಿನಕ್ಕೆ 80 ಲಾರಿ ಹಣ್ಣು ಗೇಟಿನೊಳಗೆ ಬರಬೇಕು. ಪ್ರತಿದಿನ, ತಪ್ಪದೆ. ಆ ಭಾಗದ ರೈತರಿಗೆ ಆಗ ಸಿಗುತ್ತಿದ್ದ ಇಳುವರಿ ಹೆಕ್ಟೇರಿಗೆ ಸುಮಾರು 10 ಟನ್. ಹಾಗಾದರೆ ದಿನಕ್ಕೆ 120 ಹೆಕ್ಟೇರಿನ ಫಸಲು ಪೂರ್ತಿ ಕಾರ್ಖಾನೆಗೇ ಬೇಕು. ಅಲ್ಲಿ ನೀರಾವರಿ ಟೊಮೆಟೊ ಕೊಯ್ಲು ಮುಖ್ಯವಾಗಿ ಜನವರಿಯಿಂದ ಏಪ್ರಿಲ್ ತನಕ. 100 ದಿನ ಯಂತ್ರ ಓಡಬೇಕು ಅಂದುಕೊಂಡರೆ 12,000 ಹೆಕ್ಟೇರ್ ಬೆಳೆ. ಅದೂ ಬುಟ್ಟಿ ಹಿಡಿದು ನಿಂತಿರುವ ಲಾಗೋಸ್ ವ್ಯಾಪಾರಿಗಳಿಗೆ ಒಂದು ಹಣ್ಣೂ ಹೋಗದ ಹಾಗೆ. ಇದೇ ಹೊಲದಲ್ಲಿ ಹೆಕ್ಟೇರಿಗೆ 40 ಟನ್ ಬಂದರೆ 3,000 ಹೆಕ್ಟೇರ್ ಸಾಕು. ವ್ಯತ್ಯಾಸ ಅಷ್ಟು ದೊಡ್ಡದು.

ಇನ್ನು ಹಣ್ಣಿನ ಒಳಗಿನ ಸಂಗತಿ. ಪೇಸ್ಟ್ ಮಾಡುವುದು ಅಂದರೆ ಮುಖ್ಯವಾಗಿ ನೀರು ತೆಗೆಯುವುದು. ಹಣ್ಣು ತೊಳೆದು, ಆರಿಸಿ, ಜಜ್ಜಿ ಬಿಸಿ ಮಾಡುತ್ತಾರೆ. ಕೆಚಪ್ಪಿಗೆ ಬೇಕಾದ ಗಟ್ಟಿ ಪೇಸ್ಟ್ ಆದರೆ 90 ಡಿಗ್ರಿ ಆಸುಪಾಸಿಗೆ ಬೇಗ ಬಿಸಿ ಏರಿಸಬೇಕು. ಇಲ್ಲದಿದ್ದರೆ ಹಣ್ಣಿನಲ್ಲೇ ಇರುವ ಕಿಣ್ವಗಳು ರಸವನ್ನು ಗಟ್ಟಿಯಾಗಿಡುವ ಪೆಕ್ಟಿನ್ ಒಡೆದು ರಸ ನೀರಾಗುತ್ತದೆ. ಆಮೇಲೆ ಸಿಪ್ಪೆ, ಬೀಜ ಸೋಸಿ, ನಿರ್ವಾತ ಪಾತ್ರೆಗಳಲ್ಲಿ ಕಡಿಮೆ ಬಿಸಿಯಲ್ಲೇ ಕುದಿಸಿ ನೀರು ಹಾರಿಸುತ್ತಾರೆ. ರಸದಲ್ಲಿ ಕರಗಿರುವ ಸಕ್ಕರೆ, ಹುಳಿ ಮುಂತಾದ ಸಾರದ ಅಳತೆಗೆ ಬ್ರಿಕ್ಸ್ ಅನ್ನುತ್ತಾರೆ. 28 ಬ್ರಿಕ್ಸ್ ಬಂದರೆ ಅದು ಡ್ರಮ್ಮಿಗೆ ತುಂಬುವ ಪೇಸ್ಟ್. ಸೂಕ್ಷ್ಮಜೀವಿ ಇಲ್ಲದ ಹಾಗೆ ಚೀಲದಲ್ಲಿ ತುಂಬಿ ಸೀಲ್ ಮಾಡಿದರೆ ಒಂದೂವರೆ ಎರಡು ವರ್ಷ ಇರುತ್ತದೆ.

ಹಣ್ಣಿನಲ್ಲಿ 5 ಬ್ರಿಕ್ಸ್ ಇದ್ದರೆ ಒಂದು ಕೆಜಿ ಪೇಸ್ಟಿಗೆ 5.6 ಕೆಜಿ ಹಣ್ಣು ಸಾಕು. 4 ಬ್ರಿಕ್ಸ್ ಇದ್ದರೆ 7 ಕೆಜಿ ಬೇಕು. ಸಿಪ್ಪೆ, ಬೀಜದಲ್ಲಿ ಹೋಗುವುದು ಬೇರೆ. ಅದನ್ನು ಬಿಟ್ಟರೂ 1,200 ಟನ್ 5 ಬ್ರಿಕ್ಸ್ ಹಣ್ಣಿನಿಂದ 214 ಟನ್ ಪೇಸ್ಟ್, 4 ಬ್ರಿಕ್ಸ್ ಹಣ್ಣಿನಿಂದ 171 ಟನ್. ದಿನಕ್ಕೆ 43 ಟನ್ ಪೇಸ್ಟ್ ಬರೀ ತಳಿಯ ವ್ಯತ್ಯಾಸದಿಂದ ಹೋಯಿತು. ಅಷ್ಟೇ ಅಲ್ಲ, ಹೆಚ್ಚುವರಿ ನೀರನ್ನು ಹಾರಿಸಲು ಇಂಧನವೂ ಜಾಸ್ತಿ. ಕರೆಂಟ್ ನೆಚ್ಚಿಕೊಳ್ಳಲಾಗದ ನೈಜೀರಿಯಾದಲ್ಲಿ ಇಂಧನ ಖರ್ಚು ಸಣ್ಣ ಮಾತಲ್ಲ. ಕ್ಯಾಲಿಫೋರ್ನಿಯಾ, ಇಟಲಿ, ಚೀನಾದ ಶಿನ್‌ಜಿಯಾಂಗ್‌ನಲ್ಲಿ ಪೇಸ್ಟಿಗೆಂದೇ ತಳಿ ಇವೆ. ಗಿಡ ಗಿಡ್ಡ, ಹಣ್ಣೆಲ್ಲ ಒಟ್ಟಿಗೆ ಮಾಗುತ್ತದೆ, ತಿರುಳು ಜಾಸ್ತಿ, ನೀರು ಕಡಿಮೆ. ಸಂತೆಗೆ ಬೆಳೆಯುವ ಹಣ್ಣಿನ ಗುಣವೇ ಬೇರೆ.

ಮೇ 2016

ಯಂತ್ರ ಓಡಲು ಶುರುವಾದ ಹೊತ್ತಲ್ಲೇ ಹೊಲಗಳಿಗೆ ಟೂಟಾ ಅಬ್ಸಲ್ಯೂಟಾ ಬಿತ್ತು. ಮೂಲ ದಕ್ಷಿಣ ಅಮೆರಿಕದ್ದು ಈ ಚಿಟ್ಟೆ. 2006ರಲ್ಲಿ ಸ್ಪೇನಿಗೆ ಬಂತು, ಅಲ್ಲಿಂದ ಮೆಡಿಟರೇನಿಯನ್ ದೇಶಗಳಿಗೆ, ಆಮೇಲೆ ಸಹಾರಾ ದಾಟಿ ಕೆಳಗೆ. ನಮ್ಮ ದೇಶದಲ್ಲಿ 2014ರಲ್ಲಿ ಮಹಾರಾಷ್ಟ್ರ, ಕರ್ನಾಟಕದಲ್ಲಿ ಮೊದಲು ಕಂಡಿತು. ಕೋಲಾರದ ಕಡೆ ರೈತರು ಊಜಿ ಅಂತ ಬೈಯುವುದು ಇದನ್ನೇ. ಒಂದು ಹೆಣ್ಣು ಚಿಟ್ಟೆ 260ರ ತನಕ ಮೊಟ್ಟೆ ಇಡುತ್ತದೆ. ಬಿಸಿ ಹವೆಯಲ್ಲಿ ತಿಂಗಳೊಳಗೆ ಹೊಸ ಪೀಳಿಗೆ, ವರ್ಷಕ್ಕೆ 10-12 ಪೀಳಿಗೆ. ಮರಿಹುಳು ಎಲೆಯ ಎರಡು ಪದರದ ನಡುವೆ ಸುರಂಗ ಕೊರೆದು ಒಳಗೇ ತಿನ್ನುತ್ತದೆ, ಆದ್ದರಿಂದ ಮೇಲೆ ಹೊಡೆದ ಔಷಧಿ ಅದಕ್ಕೆ ತಾಗುವುದೇ ಕಷ್ಟ. ಎಲೆ ಸುಟ್ಟ ಹಾಗೆ ಒಣಗುತ್ತದೆ. ಹಣ್ಣಿನ ತೊಟ್ಟಿನ ಹತ್ತಿರ ಸೂಜಿ ಚುಚ್ಚಿದಷ್ಟು ತೂತು ಕಾಣುತ್ತದೆ, ಕೊಯ್ದು ನೋಡಿದರೆ ಒಳಗೆಲ್ಲ ಕೊಳೆತಿರುತ್ತದೆ. ಹಳೆಯ ಔಷಧಿಗಳಿಗೆ ಬಗ್ಗುವುದಿಲ್ಲ.

ನೈಜೀರಿಯಾದವರು ಅದಕ್ಕೆ ಟೊಮೆಟೊ ಎಬೋಲಾ ಅಂತ ಹೆಸರಿಟ್ಟರು. ಕಡೂನಾ ರಾಜ್ಯ ಟೊಮೆಟೊ ವಿಚಾರದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿತು. ಅಲ್ಲಿನ ಕೃಷಿ ಇಲಾಖೆಯ ಮುಖ್ಯಸ್ಥರು ಕೊಟ್ಟ ಲೆಕ್ಕದ ಪ್ರಕಾರ ಮೂರು ತಿಂಗಳೊಳಗೆ ಒಂದು ಬುಟ್ಟಿಯ ಬೆಲೆ ಸುಮಾರು 1.20 ಡಾಲರ್‌ನಿಂದ 40 ಡಾಲರ್ ದಾಟಿತ್ತು. ಆ ಏರಿಕೆಯಲ್ಲಿ ಕೊಯ್ಲು ಮುಗಿಯುವ ಕಾಲದ ಪಾಲೂ ಇದೆ, ಮೇ ಬಂದರೆ ಅಲ್ಲಿ ಯಾವಾಗಲೂ ಹಣ್ಣು ಕಮ್ಮಿ. ಆದರೆ ಆ ವರ್ಷದ್ದು ಮಾಮೂಲಿ ಏರಿಕೆಯಲ್ಲ. ಡಾಂಗೋಟೆ ಘಟಕ ಕೆಲಸ ನಿಲ್ಲಿಸಿತು.

ಇಲ್ಲಿ ಬಹಳ ಜನ ಹುಳುವಿನ ಮೇಲೆ ಎಲ್ಲಾ ತಪ್ಪು ಹಾಕಿ ಮುಂದೆ ಹೋಗುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹುಳು ಬಂದದ್ದು ನಿಜ, ಬೆಳೆ ಹೋದದ್ದು ನಿಜ. ಆದರೆ ಬೆಳೆ ಪೂರ್ತಿ ಹೋಗಿರಲಿಲ್ಲ, ಮಾರುಕಟ್ಟೆಯಲ್ಲಿ ಹಣ್ಣು ಇತ್ತು, ಆದರೆ ದುಬಾರಿಯಾಗಿತ್ತು. 40 ಡಾಲರ್ ಬುಟ್ಟಿಯ ಹಣ್ಣು ಕೊಂಡು ಪೇಸ್ಟ್ ಮಾಡುವ ಕಾರ್ಖಾನೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಹುಳು ಹೋದ ಮೇಲೂ ಈ ಘಟಕ ಸರಿಯಾಗಿ ನಡೆಯಲಿಲ್ಲ. ನಿಂತು ನಿಂತು ನಡೆದು, 2019ರಲ್ಲಿ ಮತ್ತೆ ಶುರುವಾದಾಗಲೂ ಸಾಮರ್ಥ್ಯದ ಸಣ್ಣ ಪಾಲಷ್ಟೇ ಹಣ್ಣು ಬರುತ್ತಿತ್ತು. ಹುಳುವೊಂದೇ ಕಾರಣವಾಗಿದ್ದರೆ ಹೀಗಾಗಬಾರದಿತ್ತು.

ಯಾರ ಬೆಲೆ ನಡೆಯುತ್ತದೆ

ಪೇಸ್ಟ್ ಕಾರ್ಖಾನೆ ಎರಡು ಬೆಲೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಮೇಲಿನ ಬೆಲೆ ಆಮದು ಪೇಸ್ಟಿನದು. ಅದಕ್ಕಿಂತ ಜಾಸ್ತಿ ಹೇಳಿದರೆ ಕೆಚಪ್ ಕಂಪನಿ, ಪ್ಯಾಕಿಂಗ್ ಮಾಡುವವರು ಯಾರೂ ಕೊಳ್ಳುವುದಿಲ್ಲ. ಕೆಳಗಿನ ಬೆಲೆ ಸಂತೆಯ ತಾಜಾ ಹಣ್ಣಿನದು. ಅದಕ್ಕಿಂತ ಕಮ್ಮಿ ಕೊಟ್ಟರೆ ರೈತ ಹಣ್ಣು ಕೊಡುವುದಿಲ್ಲ.

ನಮ್ಮ ರೂಪಾಯಿಯಲ್ಲಿ ಒಂದು ಅಂದಾಜು ಲೆಕ್ಕ ಹಾಕೋಣ. ಆಮದು ಪೇಸ್ಟ್ ಕೆಜಿಗೆ 90 ರೂಪಾಯಿಗೆ ಸಿಗುತ್ತದೆ ಅಂದುಕೊಳ್ಳಿ. ಒಂದು ಕೆಜಿಗೆ 6 ಕೆಜಿ ಹಣ್ಣು. ಹಣ್ಣಿಗೆ 8 ರೂಪಾಯಿ ಕೊಟ್ಟರೆ 48 ರೂಪಾಯಿ ಅಲ್ಲೇ ಹೋಯಿತು. ಉಳಿದ 42ರಲ್ಲಿ ಇಂಧನ, ಕೂಲಿ, ಡ್ರಮ್ಮು, ಚೀಲ, ಸಾಗಣೆ, ಸಾಲದ ಬಡ್ಡಿ, ವರ್ಷದ ಎಂಟು ತಿಂಗಳು ಸುಮ್ಮನೆ ನಿಂತ ಯಂತ್ರದ ಖರ್ಚು. ಹಾಗಾಗಿ 8 ರೂಪಾಯಿ ಮೇಲೆ ಕೊಡುವುದು ಕಷ್ಟ. ಕೋಲಾರದ 15 ಕೆಜಿ ಬಾಕ್ಸಿಗೆ ಲೆಕ್ಕ ಹಾಕಿದರೆ 120 ರೂಪಾಯಿ. ಮಂಡಿಯಲ್ಲಿ ಬಾಕ್ಸು 60ಕ್ಕೆ ಇಳಿದ ದಿನ ಎಲ್ಲರೂ ಕಾರ್ಖಾನೆ ಗೇಟಿನ ಮುಂದೆ ನಿಲ್ಲುತ್ತಾರೆ. ಬಾಕ್ಸು 300 ಆದ ದಿನ ಒಬ್ಬರೂ ಬರುವುದಿಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸು 2,000 ರೂಪಾಯಿ ದಾಟಿತ್ತು. ಅಂಥ ದಿನ ಕಾರ್ಖಾನೆಗೆ ಹಣ್ಣು ಕೊಡಿ ಅಂತ ಯಾವ ರೈತನಿಗೆ ಹೇಳಲಾದೀತು? ವರ್ಷವಿಡೀ ನಷ್ಟ ತಿಂದವನು ಒಂದು ತಿಂಗಳಲ್ಲಿ ಸಾಲ ತೀರಿಸಿಕೊಳ್ಳುವ ಅವಕಾಶ ಅದು.

ಕಡಾವಾದಲ್ಲಿ ಆದದ್ದೂ ಇದೇ. ಕಾರ್ಖಾನೆ ಮೊದಲು ಬಂತು. ಹಣ್ಣಿಗೆ ಸಂತೆಗೆ ಬೆಳೆಯುವ ರೈತರನ್ನೇ ನಂಬಿಕೊಂಡಿತು. ಆ ರೈತರಿಗೆ ಲಾಗೋಸಿನ ವ್ಯಾಪಾರಿ ಜಾಸ್ತಿ ಕೊಟ್ಟ ದಿನ ಅವರು ಅತ್ತ ಹೋದರು. ಇದನ್ನು ರೈತರ ಮೋಸ ಅಂತ ಕರೆಯುವುದು ಅನ್ಯಾಯ. ಬೀಜ ಅವರದ್ದು, ಗೊಬ್ಬರ ಅವರದ್ದು, ಹುಳು ಬಿದ್ದರೆ ನಷ್ಟ ಅವರದ್ದು. ಬೆಲೆ ಏರಿದಾಗಿನ ಲಾಭ ಮಾತ್ರ ಕಾರ್ಖಾನೆಗೆ ಬಿಟ್ಟುಕೊಡಿ ಅಂದರೆ ಯಾರು ಕೇಳುತ್ತಾರೆ?

ಆಮದು ತಡೆದರೆ ಸಾಕಾ?

2017ರ ಏಪ್ರಿಲ್‌ನಲ್ಲಿ ನೈಜೀರಿಯಾ ಸರ್ಕಾರ ಟೊಮೆಟೊ ನೀತಿ ತಂದಿತು. ಚಿಲ್ಲರೆ ಪ್ಯಾಕಿನ ಪೇಸ್ಟ್ ಆಮದು ಬಂದ್. ಡ್ರಮ್ಮಿನಲ್ಲಿ ಬರುವ ಪೇಸ್ಟಿನ ಸುಂಕ 5ರಿಂದ 50 ಪರ್ಸೆಂಟಿಗೆ, ಅದರ ಮೇಲೆ ಟನ್ನಿಗೆ 1,500 ಡಾಲರ್ ಲೆವಿ, ಅಂದರೆ ಹೆಚ್ಚುವರಿ ತೆರಿಗೆ. ಅದೂ ಬಂದರಿನ ಮೂಲಕ ಮಾತ್ರ ಬರಬೇಕು. ಎಷ್ಟೋ ಸಲ ಪೇಸ್ಟಿನ ಬೆಲೆಗಿಂತ ಲೆವಿಯೇ ಜಾಸ್ತಿ ಆಗುವಷ್ಟು ದೊಡ್ಡ ಮೊತ್ತ ಅದು.

ಅಷ್ಟು ದೊಡ್ಡ ಸುಂಕ ಹಾಕಿದರೆ ಕಳ್ಳಸಾಗಣೆಗೆ ದಾರಿ ಮಾಡಿಕೊಟ್ಟ ಹಾಗೆ. ಪಕ್ಕದ ಬೆನಿನ್ ದೇಶದ ಗಡಿಯಿಂದ ನೈಜೀರಿಯಾಕ್ಕೆ ಅಕ್ಕಿ, ಕೋಳಿಮಾಂಸ, ಏನೆಲ್ಲ ನುಸುಳುತ್ತಿತ್ತೋ ಅದೇ ದಾರಿ ಪೇಸ್ಟಿಗೂ ಇತ್ತು. 2019ರ ಆಗಸ್ಟ್‌ನಿಂದ 2020ರ ಡಿಸೆಂಬರ್ ತನಕ ನೈಜೀರಿಯಾ ತನ್ನ ನೆಲದ ಗಡಿಗಳನ್ನೇ ಮುಚ್ಚಿಬಿಟ್ಟಿತು. ಒಂದು ದೇಶ ಗಡಿಯನ್ನೇ ಎಷ್ಟು ದಿನ ಮುಚ್ಚಿಡಲು ಸಾಧ್ಯ?

ಇನ್ನೊಂದು ಕಡೆ ಹಣ್ಣಿನಂಶ ಕಡಿಮೆ ಮಾಡಿ ಪಿಷ್ಟ ಬೆರೆಸಿದ ಟೊಮೆಟೊ ಮಿಕ್ಸ್ ಅಂಗಡಿಗಳಲ್ಲಿ ಜಾಸ್ತಿಯಾಯಿತು. ಪೇಸ್ಟ್ ದುಬಾರಿಯಾದರೆ ಬಡವರ ಸಾರಿಗೆ ಬೀಳುವುದು ಕೊನೆಗೆ ಇದೇ. ಪೇಸ್ಟಿನ ಪೂರೈಕೆ ಬಗ್ಗೆ ಮಾತಾಡುವವರು ಈ ಭಾಗವನ್ನು ಮರೆಯುತ್ತಾರೆ.

ಸುಂಕ ಹಾಕಿದವರ ಕಷ್ಟವೂ ಅರ್ಥವಾಗುತ್ತದೆ. ಎದುರಿಗಿರುವುದು ಚೀನಾ. 2021ರಲ್ಲಿ ಚೀನಾ ಸಂಸ್ಕರಣೆಗೆ ಕಳಿಸಿದ ಟೊಮೆಟೊ ಸುಮಾರು 48 ಲಕ್ಷ ಟನ್. 2023ರಲ್ಲಿ ಸುಮಾರು 80 ಲಕ್ಷ. 2024ರಲ್ಲಿ 1 ಕೋಟಿ ಟನ್ ದಾಟಿತು. ಬಹುಪಾಲು ಶಿನ್‌ಜಿಯಾಂಗ್‌ನದು. ಅಲ್ಲಿ ಉಯ್ಘರ್ ಜನರಿಂದ ಬಲವಂತದ ದುಡಿಮೆ ಮಾಡಿಸುತ್ತಾರೆ ಅನ್ನುವ ಕಾರಣಕ್ಕೆ ಅಮೆರಿಕ 2021ರ ಜನವರಿಯಲ್ಲಿ ಆ ಪ್ರದೇಶದ ಟೊಮೆಟೊ ಉತ್ಪನ್ನ ತಡೆಯಿತು. ಒಂದು ಬಾಗಿಲು ಮುಚ್ಚಿದರೆ ಮಾಲು ಬೇರೆ ಬಾಗಿಲು ಹುಡುಕುತ್ತದೆ, ಪಶ್ಚಿಮ ಆಫ್ರಿಕಾ ಮೊದಲಿಂದಲೂ ಚೀನಾ ಪೇಸ್ಟಿನ ದೊಡ್ಡ ಗಿರಾಕಿ. ಎರಡು ವರ್ಷ ಕೆಡದ ಡ್ರಮ್ಮು ಗೋದಾಮಿನಲ್ಲಿ ಕಾಯಬಲ್ಲದು. ಕಾನೋದ ಹಣ್ಣು ಎರಡು ದಿನ ಕಾಯಲಾರದು. ಇಷ್ಟೊಂದು ಬೆಳೆದ ಮೇಲೆ ಬೆಲೆ ಕುಸಿದು ಚೀನಾ 2025ರಲ್ಲಿ ಉತ್ಪಾದನೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು. ಆಮದನ್ನೇ ನಂಬಿದ ದೇಶಕ್ಕೆ ಇದೂ ಒಂದು ಅಪಾಯ: ಒಂದು ವರ್ಷ ಅಗ್ಗದ ಪೇಸ್ಟ್ ಸುರಿಯುತ್ತದೆ, ಮುಂದಿನ ವರ್ಷ ಅಲ್ಲಿನವರು ಬೆಳೆ ಕಡಿತ ಮಾಡಿದರೆ ಇಲ್ಲಿ ಬೆಲೆ ಏರುತ್ತದೆ. ಜೊತೆಗೆ ನೈಜೀರಿಯಾದ ಹಣ ನೈರಾ 2016ರ ಜೂನ್‌ನಲ್ಲಿ ಬಿದ್ದ ಹಾಗೆ, 2023ರ ಜೂನ್‌ನಲ್ಲಿ ಮತ್ತೆ ಬಿದ್ದ ಹಾಗೆ, ಸ್ವಂತ ಹಣ ಕುಸಿದರೆ ಪೇಸ್ಟಿನ ಬೆಲೆ ಚೀನಾದಲ್ಲಿ ಏರದಿದ್ದರೂ ಲಾಗೋಸಿನಲ್ಲಿ ಏರುತ್ತದೆ.

ಸಸಿಯಿಂದ ಶುರು

ಡಾಂಗೋಟೆಯವರು ಕೊನೆಗೆ ಹಿಡಿದ ದಾರಿ ನನ್ನ ಪ್ರಕಾರ ಮೊದಲೇ ಹಿಡಿಯಬೇಕಾಗಿದ್ದ ದಾರಿ. 2020ರ ಆರಂಭದಲ್ಲಿ ಕಾನೋದಲ್ಲಿ ಒಂದು ಸಸಿ ನರ್ಸರಿ ತೆರೆದರು. ಒಂದು ಹಂಗಾಮಿಗೆ 35 ಕೋಟಿ ಹೈಬ್ರಿಡ್ ಸಸಿ ಬೆಳೆಸುವ ಸಾಮರ್ಥ್ಯ. ಗುರಿ ಇಳುವರಿಯನ್ನು ಹೆಕ್ಟೇರಿಗೆ 10 ಟನ್ನಿನಿಂದ 40 ಟನ್ನಿಗೆ ಏರಿಸುವುದು. ಹೆಕ್ಟೇರಿಗೆ 25-30 ಸಾವಿರ ಸಸಿ ಲೆಕ್ಕ ಹಾಕಿದರೆ 12,000 ಹೆಕ್ಟೇರ್ ಆಸುಪಾಸಿಗೆ ಆಗುತ್ತದೆ. ಆ ಜಮೀನಿನಲ್ಲಿ 40 ಟನ್ ಬಂದರೆ ಕಾರ್ಖಾನೆಗೂ ಸಾಕು, ಲಾಗೋಸಿಗೂ ಮಿಗುತ್ತದೆ. ಇಳುವರಿ ನಾಲ್ಕು ಪಟ್ಟಾದರೆ ಕೆಜಿಗೆ ಕಡಿಮೆ ಬೆಲೆ ಬಂದರೂ ರೈತನಿಗೆ ಎಕರೆ ಲೆಕ್ಕದಲ್ಲಿ ಉಳಿಯುತ್ತದೆ. ಪೇಸ್ಟ್ ಉದ್ಯಮ ಎಲ್ಲಿ ನಡೆಯುತ್ತಿದೆಯೋ ಅಲ್ಲೆಲ್ಲ ನಡೆಯುವುದು ಈ ಲೆಕ್ಕದ ಮೇಲೆ, ಕೆಜಿ ರೇಟಿನ ಮೇಲಲ್ಲ.

ಕಡೂನಾದಲ್ಲಿ ಟೊಮೆಟೊ ಜೋಸ್ ಅನ್ನುವ ಕಂಪನಿ ಇದೇ ಕೆಲಸವನ್ನು ತಿರುಗಿಸಿ ಮಾಡಿತು. ಅವರು ಮೊದಲು ಕೆಲವು ವರ್ಷ ರೈತರ ಜೊತೆ ಟೊಮೆಟೊ ಬೆಳೆಯುವುದನ್ನೇ ಮಾಡಿದರು: ಸಸಿ, ಗೊಬ್ಬರ, ಸಲಹೆ ಕೊಟ್ಟು, ಫಸಲು ಬಂದ ಮೇಲೆ ಅದರ ಖರ್ಚು ಹಿಡಿದುಕೊಳ್ಳುವುದು. 2020ರಲ್ಲಿ 39 ಲಕ್ಷ ಯೂರೋ ಬಂಡವಾಳ ಸಿಕ್ಕಿದ ಮೇಲೆ ಕಾರ್ಖಾನೆಗೆ ಕೈ ಹಾಕಿದರು. ಕಡಾವಾಕ್ಕೆ ಹೋಲಿಸಿದರೆ ಇದು ಸಣ್ಣದು. ಆದರೆ ಕ್ರಮ ಸರಿಯಿದೆ.

ಕೋಲಾರಕ್ಕೆ ಬಂದರೆ

ನಮ್ಮಲ್ಲಿ ಇಳುವರಿ ಅಲ್ಲಿಗಿಂತ ಎಷ್ಟೋ ಚೆನ್ನಾಗಿದೆ. ಕಡ್ಡಿ ನೆಟ್ಟು, ಡ್ರಿಪ್ ಹಾಕಿ, ಮಲ್ಚಿಂಗ್ ಶೀಟ್ ಹಾಸಿ ಬೆಳೆಯುವ ನಮ್ಮ ರೈತರ ಕೈಚಳಕಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಊರೂರಿಗೆ ನರ್ಸರಿ ಇವೆ. ತೊಂದರೆ ಇರುವುದು ತಳಿಯಲ್ಲಿ ಮತ್ತು ಖರ್ಚಿನಲ್ಲಿ. ನಾವು ಬೆಳೆಯುವುದು ದೂರದ ಊರಿಗೆ ಲಾರಿಯಲ್ಲಿ ಹೋಗಿ ತಡೆಯುವ ಗಟ್ಟಿ ಹಣ್ಣು. ಕಡ್ಡಿ, ದಾರ, ಔಷಧಿ, ಕೊಯ್ಲಿನ ಕೂಲಿ ಸೇರಿದರೆ ಎಕರೆಗೆ ಲಕ್ಷಗಳ ಮಾತು. ಅಂಥ ಹಣ್ಣನ್ನು 8 ರೂಪಾಯಿಗೆ ಪೇಸ್ಟಿಗೆ ಕೊಟ್ಟು ಬದುಕಲಾಗುವುದಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸಂಸ್ಕರಣೆಗೆಂದೇ ಅರ್ಕಾ ಅಪೇಕ್ಷಾ, ಅರ್ಕಾ ವಿಶೇಷ್ ತಳಿ ತಂದಿದ್ದಾರೆ. ಕಾರ್ಖಾನೆ ಬರುವುದಾದರೆ ಇಂಥ ತಳಿಯನ್ನು ಬೇರೆಯಾಗಿ, ಕಡಿಮೆ ಖರ್ಚಿನಲ್ಲಿ, ಕಾರ್ಖಾನೆಗೆಂದೇ ಬೆಳೆಯಬೇಕು. ಮಂಡಿಯಲ್ಲಿ ಮಿಕ್ಕಿದ್ದನ್ನು ಅರೆಯುವ ಕಾರ್ಖಾನೆ ಮಿಕ್ಕಿದ ದಿನ ಮಾತ್ರ ನಡೆಯುತ್ತದೆ.

2018ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆ 500 ಕೋಟಿ ರೂಪಾಯಿಯ ಆಪರೇಷನ್ ಗ್ರೀನ್ಸ್ ಘೋಷಿಸಿತು. ಸಹಾಯಧನ ಬಂದಾಗ ಎಲ್ಲರ ಕಣ್ಣು ಹೋಗುವುದು ಯಂತ್ರ, ಕಟ್ಟಡ, ಶೀತಲಗೃಹದ ಮೇಲೆ. ನನಗೆ ಬೇಕಾದ ಉತ್ತರ ಬೇರೆ. ಕರಾರು ಮಾಡಿಕೊಂಡ ರೈತನಿಗೆ ಎಕರೆಗೆ ಎಷ್ಟು ಖಾತ್ರಿ? ಸಸಿ ಯಾರು ಕೊಡುತ್ತಾರೆ? ಊಜಿ ಬಿದ್ದರೆ ಚಿಟ್ಟೆಯನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಯ ಖರ್ಚು ಯಾರದು, ಬೆಳೆ ಹೋದರೆ ಸಸಿ ಗೊಬ್ಬರದ ಸಾಲ ಮನ್ನಾನಾ? ಮಂಡಿ ರೇಟು ಕರಾರಿನ ಮೂರು ಪಟ್ಟು ಆದ ದಿನ ರೈತ ತನ್ನ ಹಣ್ಣಿನಲ್ಲಿ ಒಂದು ಪಾಲನ್ನು ಮಂಡಿಗೆ ಒಯ್ಯಬಹುದು ಅಂತ ಕರಾರಿನಲ್ಲೇ ಬರೆದಿರುತ್ತಾರಾ? ಈ ಕೊನೆಯದಕ್ಕೆ ಒಪ್ಪುವ ಕಂಪನಿ ಬಂದರೆ ರೈತರೂ ಉಳಿದ ಪಾಲನ್ನು ತಪ್ಪದೆ ಕೊಡುತ್ತಾರೆ ಅನ್ನುವ ನಂಬಿಕೆ ನನಗಿದೆ.